ಅರ್ಧ ಬಟ್ಟಲು ಮೊಸರು

ಮುಕ್ತಾ ಎಂಟು ತಿಂಗಳ ಕೂಸಾಗಿದ್ದಾಗ ಅವಳಿಗೆ ಮೊದಲ ಸಲ ಎಮ್ಮೆಯ ಹಾಲು ಕುಡಿಸಿದವಳು ಅವಳ ಅಜ್ಜಿ ತಾಯವ್ವ. ಕಾಯಿಸಿ, ಆರಿಸಿ, ಅರ್ಧಕ್ಕರ್ಧ ನೀರು ಬೆರೆಸಿ, ಚಮಚೆಯಿಂದ ಕುಡಿಸಿದಳು. ನಾಲ್ಕನೆಯ ಚಮಚೆಗೆ ಕೂಸಿನ ತುಟಿ ಊದಿಕೊಂಡವು. ಮೈಮೇಲೆಲ್ಲ ಕೆಂಪು ಗಂಧೆ ಎದ್ದು, ಕುಡಿದದ್ದೆಲ್ಲ ವಾಂತಿಯಾಗಿ ಕೂಸು ಬಟ್ಟೆಯಂತೆ ಜೋತುಬಿತ್ತು. ಯಾರದೋ ಕಣ್ಣು ಬಿದ್ದಿದೆ ಎಂದು ತಾಯವ್ವ ಉಪ್ಪು ಮೆಣಸಿನಕಾಯಿ ಇಳಿದೆಗೆದು ಒಲೆಗೆ ಹಾಕಿದಳು. ಎರಡು ದಿನ ಬಿಟ್ಟು ಮತ್ತೆ ಕುಡಿಸಿದಾಗ ಮತ್ತೆ ಹಾಗೇ ಆಯಿತು. ಆಗ ಅವಳ ಮಗ ಶಿವಾಜಿ ಹೆಂಡತಿಯನ್ನೂ ಕೂಸನ್ನೂ ಬೈಕಿನ ಮೇಲೆ ಕೂರಿಸಿಕೊಂಡು ತಿಕೋಟಾದಿಂದ ವಿಜಯಪುರಕ್ಕೆ ಹೋದ.

ಮಕ್ಕಳ ಡಾಕ್ಟರ್ ಅಬ್ದುಲಸಮದ ಎಲ್ಲ ಕೇಳಿ, ಪರೀಕ್ಷೆ ಮಾಡಿಸಿ, ಕೊನೆಗೆ ಶಿವಾಜಿಯ ಹೆಂಡತಿ ನಂದಾಳ ಕಡೆ ತಿರುಗಿ ಹೇಳಿದರು.

"ಹಾಲು ಈ ಕೂಸಿನ ಮೈಗೆ ಒಗ್ಗೂದಿಲ್ಲಮ್ಮ. ಎಮ್ಮಿದು, ಆಕಳದು, ಆಡಿಂದು, ಯಾವುದೂ ಬ್ಯಾಡ. ಮೊಸರು, ಮಜ್ಜಿಗಿ, ಬೆಣ್ಣಿ, ಪೇಢೆ ಏನೂ ಬ್ಯಾಡ. ನೀವು ಎದಿಹಾಲು ಕುಡಿಸೂತನಕ ನೀವೂ ಬಿಡಬೇಕು. ತಪ್ಪಿ ಬಾಯಾಗ ಹೋಗಿ ಉಸಿರು ಹಿಡಕೊಂಡಂಗಾತಂದ್ರ, ಹತ್ತರದ ದವಾಖಾನಿಗೆ ಓಡ್ರಿ. ಕಾಲಿಟ್ಟ ಕೂಡ್ಲೆ ಹಾಲು ಹೋಗ್ಯಾದ ಅಂತ ಹೇಳ್ರಿ. ಅದಕ್ಕ ಒಂದು ಸೂಜಿ ಅದ. ಲಗೂನ ಮಾಡಿದ್ರ ಕೂಸು ಉಳೀತದ."

"ಯಾವಾಗ್ಲೂ ಹಿಂಗ ಏನ್ರಿ ಸರ್?" ಎಂದು ಶಿವಾಜಿ ಕೇಳಿದ.

"ಭಾಳ ಮಂದಿಗೆ ದೊಡ್ಡವರಾದಂಗ ಹೋಗ್ತದ. ಐದು ತುಂಬಿದ ಮ್ಯಾಲೆ ಕರಕೊಂಡು ಬರ್ರಿ. ಇಲ್ಲೇ ದವಾಖಾನ್ಯಾಗ ಕುಂದರಿಸಿಕೊಂಡು ಹನಿ ಹನಿ ಕೊಟ್ಟು ನೋಡೂಣು. ಮನ್ಯಾಗ ಮಾತ್ರ ಯಾರೂ ನೋಡಾಕ ಹೋಗಬ್ಯಾಡ್ರಿ. ಇನ್ನ ಸ್ವಲ್ಪ ದೊಡ್ಡಾಕಿ ಆದಮ್ಯಾಲೆ ಶಕ್ತಿಗೆ ತತ್ತಿ ಕೊಡ್ರಿ. ನಿಮ್ಮಲ್ಲಿ ನಡೀತದ?"

ನಂದಾ ಗಂಡನ ಮುಖ ನೋಡಿದಳು. ಶಿವಾಜಿ ಕೊರಳಿಗೆ ಕೈ ಹಚ್ಚಿ ತುಳಸಿ ಮಾಲೆ ತೋರಿಸಿದ. ಡಾಕ್ಟರು ತಲೆಯಾಡಿಸಿ ಬೇಳೆ, ಶೇಂಗಾ, ರಾಗಿ ಎಂದು ಚೀಟಿಯಲ್ಲಿ ಬರೆದುಕೊಟ್ಟರು.

ಆ ಮಾಲೆ ಮನೆಗೆ ಬಂದು ಮೂವತ್ತು ವರ್ಷದ ಮೇಲಾಗಿತ್ತು. ತಾಯವ್ವನ ಗಂಡ ಯಲಗೂರಪ್ಪ ಒಂದು ವರ್ಷ ವಿಠೋಬನ ಭಕ್ತರ ದಿಂಡಿಯ ಜೊತೆ ಪಂಢರಪುರಕ್ಕೆ ನಡೆದು ಹೋಗಿ ಮಾಲೆ ಹಾಕಿಸಿಕೊಂಡು ಬಂದ. ಆಮೇಲೆ ತಾಯವ್ವನೂ ಮಗನೂ ಹಾಕಿಕೊಂಡರು. ಅವತ್ತಿನಿಂದ ಆ ಮನೆಯಲ್ಲಿ ಕುರಿ, ಕೋಳಿ, ತತ್ತಿ ಎಲ್ಲ ಬಂದಾದವು. ಹೊಲದಲ್ಲಿ ಗಳೆ ಹೊಡೆಯುವವನು ಮಾಂಸ ಬಿಟ್ಟರೆ ರಟ್ಟೆಯಲ್ಲಿ ಏನು ಉಳಿದೀತು ಎಂದು ಅಣ್ಣತಮ್ಮಂದಿರು ನಕ್ಕರು. ಅವರಿಗೆ ಉತ್ತರ ಕೊಟ್ಟವಳು ತಾಯವ್ವ. ಇದ್ದ ಒಂದು ಎಮ್ಮೆಯನ್ನು ನಾಲ್ಕು ಮಾಡಿದಳು. ಬೆಳಿಗ್ಗೆ ರೊಟ್ಟಿಯ ಮೇಲೆ ಮುಷ್ಟಿ ಬೆಣ್ಣೆ, ಹೊಲಕ್ಕೆ ಕೊಡ ಮಜ್ಜಿಗೆ, ರಾತ್ರಿ ಕೆನೆಗಟ್ಟಿದ ಹಾಲು. ಮಗ ಶಿವಾಜಿಯನ್ನು ಹಾಗೆ ಸಾಕಿ ಸಾಕಿ ಓಣಿಯಲ್ಲೇ ಗಟ್ಟಿ ಆಳು ಮಾಡಿದಳು. ಹಾಲು ಮೊಸರು ಅಂದರೆ ಅವಳಿಗೆ ಊಟಕ್ಕಿಂತ ದೊಡ್ಡದು. ವಿಠೋಬನ ಪಟದ ಮುಂದೆ ಇಡಲು ಅದಕ್ಕಿಂತ ಶುದ್ಧವಾದದ್ದು ಅವಳ ಮನೆಯಲ್ಲಿ ಇನ್ನೊಂದಿರಲಿಲ್ಲ.

ಆದ್ದರಿಂದ ಡಾಕ್ಟರು ಹೇಳಿದ್ದನ್ನು ಮಗ ಬಂದು ತಿಳಿಸಿದಾಗ ತಾಯವ್ವ ನಂಬಲಿಲ್ಲ.

"ಹಾಲು ಕುಡದು ಸತ್ತವರನ್ನ ನಾ ಈ ಜನ್ಮದಾಗ ಕಂಡಿಲ್ಲ. ತತ್ತಿ ತಿನ್ನವರು ತಿನ್ನಂತಾರ. ನಮಗ್ಯಾಕ ಬೇಕು?" ಎಂದಳು.

ಆದರೂ ಅವಳು ಸೊಸೆ ಹೇಳಿದಂತೆ ನಡೆದುಕೊಂಡಳು. ಹಾಲು ಹಿಂಡಿದ ಮೇಲೆ ಸಬಕಾರ ಹಚ್ಚಿ ಕೈ ತೊಳೆಯದೆ ಕೂಸನ್ನು ಮುಟ್ಟುತ್ತಿರಲಿಲ್ಲ. ಮುಕ್ತಾಳ ಗಂಗಾಳ, ಬಟ್ಟಲು, ಲೋಟ ಬೇರೆ ಗೂಡಿನಲ್ಲಿದ್ದವು. ನಂದಾ ಎರಡು ವರ್ಷ ಚಹಾಕ್ಕೂ ಹಾಲು ಹಾಕಿಕೊಳ್ಳಲಿಲ್ಲ. ನಾಲ್ಕು ಎಮ್ಮೆ ಕರೆಯುವ ಮನೆಯಲ್ಲಿ ಒಂದು ಕೂಸು ಶೇಂಗಾ ಚಟ್ನಿಪುಡಿ, ರೊಟ್ಟಿ, ಬಾಳೆಹಣ್ಣು ತಿಂದು ಬೆಳೆಯಿತು. ಬೆಳೆಯಿತು ಅನ್ನುವುದೂ ಕಷ್ಟವೇ. ಅಂಗನವಾಡಿಯಲ್ಲಿ ತೂಗಿದಾಗಲೆಲ್ಲ ಕಡಿಮೆ ಬರುತ್ತಿತ್ತು. ಆದರೆ ಮಾತು ಮಾತ್ರ ಬಲು ಜೋರು. ಅಜ್ಜಿಯನ್ನು ಅದು ಆಯಿ ಎಂದು ಕರೆಯುತ್ತಿತ್ತು. ಇಡೀ ದಿನ ಅವಳ ಸೆರಗು ಹಿಡಿದುಕೊಂಡೇ ಇರುತ್ತಿತ್ತು.

ಮುಕ್ತಾಳಿಗೆ ಎರಡೂವರೆ ತುಂಬಿದ ಮೇಲೆ ಅವಳು ಸ್ವಲ್ಪ ಮೈ ಹಿಡಿದಳು. ನಂದಾ ತಿಂಗಳಿಗೊಮ್ಮೆ ವಿಜಯಪುರದ ಜೋರಾಪುರ ಪೇಟೆಯ ತನ್ನ ತವರಿಗೆ ಹೋಗಿ ನಾಲ್ಕಾರು ದಿನ ಇದ್ದು ಬರುತ್ತಿದ್ದಳು. ಬಂದಾಗಲೆಲ್ಲ ಕೂಸಿನ ಕೆನ್ನೆ ತುಂಬಿರುತ್ತಿತ್ತು. ಪೇಟೆಯ ನೀರು ಒಗ್ಗಿದೆ ಎಂದುಕೊಂಡು ತಾಯವ್ವ ಸುಮ್ಮನಿದ್ದಳು. ಒಂದು ದಿನ ಪಕ್ಕದ ಮನೆಯ ಮೆಹಬೂಬನ ಅಂಗಳದಲ್ಲಿ ಕೋಳಿ ಕೂಗುವುದನ್ನು ಕೇಳಿ ಮುಕ್ತಾ, "ಆಯಿ, ಕೋಳಿ ತತ್ತಿ ಇಟ್ಟೈತಿ. ನಾ ತಿಂತೀನಿ. ಪ್ಯಾಟಿ ಅಜ್ಜಿ ಕುದಿಸಿ ಕೊಡತಾಳ" ಅಂದಳು.

ಅವತ್ತು ಅತ್ತೆ ಸೊಸೆಯರ ನಡುವೆ ಮಾತು ಬಂತು. ಶಿವಾಜಿ ಇಬ್ಬರ ನಡುವೆ ನಿಂತಿದ್ದು ಹೊರಗೆ ಹೋದ.

"ಮಾಲಿ ಹಾಕಿದ ಮನಿ ಇದು ನಂದಾ. ನಿಮ್ಮ ಮಾವ ಸಾಯೂಮುಂದ ಡಾಕ್ಟರ್ ತತ್ತಿ ತಿನ್ನಂದ್ರ ಒಲ್ಲೆ ಅಂದು ಸತ್ರು. ಅವರ ಮೊಮ್ಮಗಳ ಬಾಯಾಗ ನೀ ಹಾಕತಿ."

"ಹಾಲೂ ಇಲ್ಲ, ತತ್ತೀನೂ ಇಲ್ಲ ಅಂದ್ರ ಆಕಿ ಏನು ತಿಂದು ದೊಡ್ಡಾಕಿ ಆಗಬೇಕ್ರಿ ಅತ್ತಿ? ನೀವ ಹೇಳ್ರಿ."

"ಬ್ಯಾಳಿ ಐತಿ. ಶೇಂಗಾ ಐತಿ. ದೇವ್ರದಾನ."

ನಂದಾ ಬಹಳ ಹೊತ್ತು ಅತ್ತಳು. ಅತ್ತು ಮುಗಿದ ಮೇಲೆ ಕಣ್ಣೊರೆಸಿಕೊಂಡು, "ಆತ್ರಿ. ತತ್ತಿ ಬಿಡಸ್ತೀನಿ. ಆದ್ರ ನೀವು ಮಾಲಿ ಮುಟ್ಟಿ ಆಣಿ ಮಾಡ್ರಿ. ಆಕಿ ಬಾಯಿಗೆ ಹಾಲಿಂದು ಏನೂ ಹಾಕೂದಿಲ್ಲ ಅಂತ. ನಾ ನೀರಿಗೆ ಹೋದ್ರೂ ನನಗ ಅದ ಹೆದರಿಕಿರಿ" ಎಂದಳು.

ತಾಯವ್ವ ಮಾಲೆ ಮುಟ್ಟಿ ಆಣೆ ಮಾಡಿದಳು. ಆ ಹೊತ್ತಿನಲ್ಲಿ ಅವಳ ಮನಸ್ಸಿನಲ್ಲಿ ಕಪಟವಿರಲಿಲ್ಲ.

ತತ್ತಿ ನಿಂತ ಮೇಲೆ ಮುಕ್ತಾಳ ಕೆನ್ನೆ ಮತ್ತೆ ಇಳಿಯಿತು. ಮಳೆಗಾಲದಲ್ಲಿ ಎರಡು ಸಲ ಜ್ವರ ಬಂತು. ಎರಡನೆಯ ಸಲ ಎದ್ದಾಗ ಪಕ್ಕೆಯ ಎಲುಬು ಎಣಿಸುವ ಹಾಗಿದ್ದವು. ಎಣ್ಣೆ ಹಚ್ಚಿ ಎರೆಯುವಾಗ ತಾಯವ್ವನ ಕೈ ಆ ಎಲುಬುಗಳ ಮೇಲೆ ಹರಿದಾಡುತ್ತಿತ್ತು. ಕೂಸಿನ ಅಂಗಿ ಸಡಿಲಾದಾಗ ನಂದಾ ಸುಮ್ಮನೆ ಸೂಜಿ ದಾರ ತಂದು ಅದನ್ನು ಸಣ್ಣ ಮಾಡಿ ಹೊಲಿಯುತ್ತಿದ್ದಳು. ಸೊಸೆ ಬೈದಿದ್ದರೆ ತಾಯವ್ವನಿಗೆ ಅಷ್ಟು ಹತ್ತುತ್ತಿರಲಿಲ್ಲ. ತತ್ತಿ ಬಿಡಿಸಿದವಳು ತಾನು, ಕೂಸನ್ನು ಹೀಗೆ ಮಾಡಿದವಳು ತಾನು ಎಂಬುದು ಅವಳೊಳಗೆ ಕುದಿಯತೊಡಗಿತು. ಹಾಗೆ ಕುದಿಯುವಾಗ ಡಾಕ್ಟರು ಹೇಳಿದ್ದೊಂದು ಮಾತು ಅವಳಿಗೆ ನೆನಪಾಯಿತು. ದೊಡ್ಡವಳಾದ ಹಾಗೆ ಹೋಗುತ್ತದೆ, ಹನಿ ಹನಿ ಕೊಟ್ಟು ನೋಡೋಣ. ಐದು ತುಂಬಿದ ಮೇಲೆ ಎಂಬುದೂ, ದವಾಖಾನೆಯಲ್ಲಿ ಎಂಬುದೂ ಅವಳ ನೆನಪಿನಲ್ಲಿದ್ದವು. ಆದರೆ ಹನಿಗೆ ಏನು ದವಾಖಾನೆ ಅನ್ನಿಸಿತು.

ಮಹಾನವಮಿಯ ಹೊತ್ತಿಗೆ ಅವಳು ಶುರು ಮಾಡಿದಳು. ಮೊದಲು ರೊಟ್ಟಿಗೆ ಒಂದಿಷ್ಟು ತುಪ್ಪ ಸವರಿದಳು. ಅದಕ್ಕೆ ಏನೂ ಆಗಲಿಲ್ಲ. ನಾಲ್ಕು ದಿನ ಸವರಿದರೂ ಆಗಲಿಲ್ಲ. ಆಮೇಲೆ ನೀರು ಮಜ್ಜಿಗೆಯಲ್ಲಿ ಬೆರಳು ಅದ್ದಿ ನೆಕ್ಕಿಸಿದಳು. ತುಟಿಯ ಸುತ್ತ ತುಸು ಕೆಂಪಾಗಿ, ನಂದಾ ಹೊಲದಿಂದ ಬರುವಷ್ಟರಲ್ಲಿ ಇಳಿದುಹೋಯಿತು. ಮುಂದೆ ಎರಡು ದಿನಕ್ಕೊಮ್ಮೆ ಹೀಗೆ ನಡೆಯಿತು. ಕೂಸಿನ ಮೈ ಕಲಿಯುತ್ತಿದೆ ಎಂದು ತಾಯವ್ವ ತಿಳಿದಳು. ಒಂದು ದಿನ ಮಗನನ್ನೂ ಸೊಸೆಯನ್ನೂ ಕೂರಿಸಿ, ಅವರೆದುರಿಗೇ ಕೂಸಿಗೆ ಒಂದು ಲೋಟ ಹಾಲು ಕೊಡಬೇಕು, ನಂದಾ ಬಾಯಿ ತೆರೆದು ನೋಡಬೇಕು ಎಂದು ಅವಳು ಎಮ್ಮೆ ಹಿಂಡುವಾಗ ನೆನೆದುಕೊಂಡು ಒಬ್ಬಳೇ ನಗುತ್ತಿದ್ದಳು. ಆಣೆ ಮಾತ್ರ ಆಗಾಗ ಚುಚ್ಚುತ್ತಿತ್ತು. ಕೂಸು ಮೈದುಂಬಿದ ದಿನ ಪಂಢರಪುರಕ್ಕೆ ಹೋಗಿ ತಪ್ಪಾಯಿತು ಎಂದು ಹೇಳಿಬಂದರಾಯಿತು ಅಂದುಕೊಂಡಳು.

ಕಾರ್ತಿಕದಲ್ಲಿ ತುಳಸಿ ಲಗ್ನದ ದಿನವೇ ಬಬಲೇಶ್ವರದಲ್ಲಿ ನಂದಾಳ ತಂಗಿ ಲಕ್ಷ್ಮಿಯ ಕುಬಸ ಇತ್ತು. ಚೊಚ್ಚಲ ಬಸುರಿಗೆ ಹಸಿರು ಸೀರೆ ಉಡಿಸಿ ಉಡಿ ತುಂಬುವ ಕಾರ್ಯ. ನಂದಾ ಮುಂಜಾನೆ ಎದ್ದು ತಯಾರಾದಳು. ಮುಕ್ತಾ ತಾನೂ ಬರುತ್ತೇನೆಂದು ಹಟ ಹಿಡಿದಳು.

"ಬ್ಯಾಡ್ರಿ ಅತ್ತಿ," ಎಂದು ನಂದಾ ಅತ್ತೆಗೆ ಹೇಳಿದಳು. "ಅಲ್ಲಿ ನೂರು ಮಂದಿ ಬಂದಿರತಾರ. ಯಾರರ ಪ್ರೀತಿಲೆ ಬಾಯಾಗ ಒಂದು ಪೇಢೆ ಇಟ್ರ ನಾ ಏನು ಮಾಡ್ಲಿ? ನಿಮ್ಮ ಹಂತೇಕ ಬಿಟ್ರ ನನಗ ಚಿಂತಿಲ್ಲ."

ಮಗಳ ಕೈಗೆ ಹಿಂದಿನ ದಿನ ಅಂಗಡಿಯಿಂದ ತಂದಿದ್ದ ಬಿಸ್ಕೀಟಿನ ಪುಡಿಕೆಯಿಂದ ಎರಡು ಬಿಸ್ಕೀಟು ಕೊಟ್ಟು, ಸಮಾಧಾನ ಮಾಡಿ, ಅವಳು ಬಸ್ಸಿಗೆ ಹೋದಳು. ಶಿವಾಜಿ ದ್ರಾಕ್ಷಿ ತೋಟದಲ್ಲಿ ಔಷಧಿ ಹೊಡೆಯುವ ಕೆಲಸಕ್ಕೆ ಅದಕ್ಕೂ ಮುಂಚೆಯೇ ಹೋಗಿದ್ದ.

ತಾಯವ್ವ ಹಿಂದಿನ ದಿನ ಏಕಾದಶಿಯ ಉಪವಾಸವಿದ್ದಳು. ಸ್ನಾನ ಮಾಡಿ, ಗಟ್ಟಿ ಮೊಸರಿಗೆ ಸಕ್ಕರೆ ಕಲಸಿ, ವಿಠೋಬನ ಪಟದ ಮುಂದೆ ಎಡೆಯಿಟ್ಟು ಕೈ ಮುಗಿದಳು. ಪಕ್ಕದಲ್ಲಿ ಮುಕ್ತಾ ಕೂಡ ಕಣ್ಣು ಮುಚ್ಚಿ ಕೈ ಮುಗಿದಿದ್ದಳು. ಎಡೆ ತೆಗೆದು ಬಾಯಿಗೆ ಹಾಕಿಕೊಳ್ಳುವಾಗ ಕೂಸು ಕೇಳಿತು.

"ಆಯಿ, ನನಗ?"

ಯಾವಾಗಲೂ ಹೀಗೆ ಕೇಳಿದರೆ ತಾಯವ್ವ ಒಂದು ಹರಳು ಸಕ್ಕರೆ ಕೊಡುತ್ತಿದ್ದಳು. ಅವತ್ತು ತನ್ನ ಬೆರಳಿನಿಂದಲೇ ಸ್ವಲ್ಪ ಮೊಸರು ಅದರ ನಾಲಿಗೆಗೆ ಹಚ್ಚಿದಳು. ಒಂದು ಗಳಿಗೆ ಕಾದು ನೋಡಿದಳು. ಏನೂ ಆಗಲಿಲ್ಲ. ಮುಕ್ತಾ ತುಟಿ ಸವರಿಕೊಂಡು ನಕ್ಕಳು. "ಇನ್ನಷ್ಟ ಕೊಡು" ಅಂದಳು. ತಾಯವ್ವ ಒಂದು ಬಟ್ಟಲಿಗೆ ಅರ್ಧದಷ್ಟು ಹಾಕಿಕೊಟ್ಟಳು. ಮೂರೂವರೆ ವರ್ಷದಲ್ಲಿ ಆ ಕೂಸು ಮೊಸರು ತಿನ್ನುವುದನ್ನು ಅವಳು ಮೊದಲ ಸಲ ನೋಡುತ್ತಿದ್ದಳು. ಅದು ಬಟ್ಟಲನ್ನು ಎರಡೂ ಕೈಯಿಂದ ಹಿಡಿದು, ಮೂಗಿಗೆ ಮೆತ್ತಿಕೊಂಡು ತಿಂದಿತು. ತಾಯವ್ವನಿಗೆ ಕಣ್ಣು ತುಂಬಿ ಬಂತು. "ಪಾಂಡುರಂಗಾ, ಕಣ್ಣು ತೆರದಿ" ಎಂದು ಪಟದ ಕಡೆ ನೋಡಿದಳು.

ಬಟ್ಟಲು ಬರಿದಾಗಿ ಸ್ವಲ್ಪ ಹೊತ್ತಿಗೆ ಮುಕ್ತಾ ನಾಲಿಗೆ ಹೊರಗೆ ಚಾಚಿ ಕೈಯಿಂದ ತಿಕ್ಕಿಕೊಳ್ಳತೊಡಗಿದಳು.

"ಆಯಿ, ಕಡೀತೈತಿ."

ಮತ್ತೆ ಕೆಮ್ಮು ಶುರುವಾಯಿತು. ಮೊದಲಿನಂತೆ ಮೈಮೇಲೆ ಗಂಧೆ ಏಳಲಿಲ್ಲ. ದನಿ ಮಾತ್ರ ಒಡೆಯಿತು. ಎದೆಯಿಂದ ಸೀಟಿಯಂಥ ಸಪ್ಪಳ ಬರತೊಡಗಿತು. ತಾಯವ್ವ ಗಾಬರಿಯಾಗಿ ಕೂಸಿನ ಬಾಯಿ ತೊಳೆದಳು, ಮೂಗು ಒರೆಸಿದಳು, ನೀರು ಕುಡಿಸಲು ನೋಡಿದಳು. ನೀರು ಒಳಗೆ ಹೋಗಲಿಲ್ಲ. ಓಡುವ ಮೊದಲು ಅವಳು ಇನ್ನೊಂದು ಕೆಲಸ ಮಾಡಿದಳು. ಆ ಬಟ್ಟಲನ್ನು ತೊಳೆದು ಗೂಡಿನಲ್ಲಿಟ್ಟಳು. ಯಾಕೆ ಹಾಗೆ ಮಾಡಿದೆ ಎಂದು ಅವಳಿಗೆ ಮುಂದೆ ಎಂದೂ ಹೇಳಲಾಗಲಿಲ್ಲ.

ಮೆಹಬೂಬ ತನ್ನ ಮೂರು ಗಾಲಿಯ ಟಂಟಂ ಗಾಡಿ ಒರೆಸುತ್ತಿದ್ದ. ತಾಯವ್ವ ಕೂಸನ್ನು ಎತ್ತಿಕೊಂಡು ಬಂದದ್ದು ನೋಡಿ ಏನನ್ನೂ ಕೇಳದೆ ಗಾಡಿ ಚಾಲೂ ಮಾಡಿದ. ಹೋಗುತ್ತಲೇ ಶಿವಾಜಿಗೆ ಫೋನು ಹಚ್ಚಿದ. ಐದು ನಿಮಿಷದಲ್ಲಿ ಅವರು ಊರೊಳಗಿನ ಒಂದು ಸಣ್ಣ ದವಾಖಾನೆಯಲ್ಲಿದ್ದರು. ಹರೆಯದ ಡಾಕ್ಟರು ಕೂಸನ್ನು ಟೇಬಲ್ಲಿನ ಮೇಲೆ ಮಲಗಿಸಿ ಕೇಳಿದ.

"ಏನು ತಿಂದಾಳ್ರಿ ಅಜ್ಜಿ?"

ತಾಯವ್ವನ ಬಾಯಿಂದ, "ಬಾಳಿಹಣ್ಣು ತಿಂದಾಳ್ರಿ, ಅಷ್ಟ" ಎಂದು ಬಂತು.

ಡಾಕ್ಟರು ಬ್ಯಾಟರಿ ಹಾಕಿ ಗಂಟಲು ನೋಡಿದ. ಬೋರಲು ಹಾಕಿ ಬೆನ್ನಿಗೆ ತಟ್ಟಿದ. ಅಷ್ಟರಲ್ಲಿ ಶಿವಾಜಿ ಬೈಕನ್ನು ಬಾಗಿಲಲ್ಲೇ ಬೀಳಿಸಿ ಓಡಿಬಂದ. ಮೈಯೆಲ್ಲ ಔಷಧಿಯ ವಾಸನೆ.

"ಆಕೀಗೆ ಹಾಲು ಆಗೂದಿಲ್ರಿ ಸರ್. ವಿಜಾಪುರದ ಡಾಕ್ಟರು ಹೇಳ್ಯಾರ, ಯಾವುದೋ ಸೂಜಿ ಮಾಡಬೇಕಂತ" ಎಂದು ಅವನು ಒಂದೇ ಉಸಿರಿಗೆ ಹೇಳಿದ.

ಡಾಕ್ಟರು ನಿಂತ. "ಹಾಲು ಹೋಗೇತೇನು ಹೊಟ್ಟ್ಯಾಗ? ಖರೆ ಹೇಳ್ರಿ. ಸುಮ್ಮಸುಮ್ಮನ ಮಾಡೂ ಸೂಜಿ ಅಲ್ಲದು."

ಶಿವಾಜಿ ತಾಯಿಯ ಕಡೆ ತಿರುಗಿದ. "ಯವ್ವಾ, ಹಾಲಿಂದು ಏನರ ಕೊಟ್ಟೀಯೇನ್ ಬೇ?"

ತಾಯವ್ವ ಮಗನ ಕಣ್ಣು ನೋಡಿದಳು. ಸೊಸೆಯ ಮುಖ, ಮಾಲೆ ಮುಟ್ಟಿ ಮಾಡಿದ ಆಣೆ, ಎಲ್ಲ ಒಮ್ಮೆಲೇ ಎದುರು ಬಂದವು. "ಇಲ್ಲೋ ಯಪ್ಪಾ. ನಾ ಯಾಕ ಕೊಡ್ಲಿ? ಬಾಳಿಹಣ್ಣ ಅಷ್ಟ" ಎಂದಳು.

"ಖರೇನ?"

"ಖರೆ."

ಡಾಕ್ಟರು ಮತ್ತೆ ಗಂಟಲಿನ ಕಡೆಗೇ ತಿರುಗಿದ. ಹಣ್ಣು ಸಿಕ್ಕಿಕೊಂಡು ಕೆಳಗಿಳಿದಿರಬೇಕು, ವಿಜಯಪುರಕ್ಕೆ ಒಯ್ಯಿರಿ ಎಂದು ಆಕ್ಸಿಜನ್ ಹಚ್ಚಿ ಅಂಬುಲೆನ್ಸ್ ಕರೆಸಿದ. ದಾರಿಯುದ್ದಕ್ಕೂ ಮುಕ್ತಾ ಅಜ್ಜಿಯ ಹೆಬ್ಬೆರಳು ಹಿಡಿದುಕೊಂಡಿದ್ದಳು. ತಾಯವ್ವ ಹತ್ತು ಸಲ ಬಾಯಿ ತೆರೆದಳು. ಈಗ ಹೇಳುತ್ತೇನೆ, ಆ ಗಿಡ ದಾಟಿದ ಮೇಲೆ ಹೇಳುತ್ತೇನೆ, ಊರು ಕಂಡ ಮೇಲೆ ಹೇಳುತ್ತೇನೆ ಎಂದುಕೊಂಡಳು. ವಿಜಯಪುರದ ಗುಮ್ಮಟ ದೂರದಲ್ಲಿ ಕಾಣುವ ಹೊತ್ತಿಗೆ ಹೆಬ್ಬೆರಳು ಹಿಡಿದ ಕೈ ಸಡಿಲಾಯಿತು.

ಡಾಕ್ಟರ್ ಅಬ್ದುಲಸಮದ ಅರ್ಧ ತಾಸು ಪ್ರಯತ್ನ ಮಾಡಿ ಹೊರಗೆ ಬಂದರು. "ಹಾಲಿನದ ಇರಬೇಕು. ಯಾರು ಏನು ಕೊಟ್ರು?" ಎಂದು ಕೇಳಿದರು. ತಾಯವ್ವ ಸೆರಗು ಬಾಯಿಗೆ ಹಿಡಿದು ಗೋಡೆಯ ಕಡೆ ತಿರುಗಿದಳು. ಮಧ್ಯಾಹ್ನದ ಹೊತ್ತಿಗೆ ನಂದಾ ಬಬಲೇಶ್ವರದಿಂದ ನೇರ ಅಲ್ಲಿಗೆ ಬಂದಳು. ತಂಗಿಯ ಮನೆಯಲ್ಲಿ ಇಡಿಸಿಕೊಂಡ ಹಸಿರು ಬಳೆ ಇನ್ನೂ ಹೊಸದಾಗಿ ಹೊಳೆಯುತ್ತಿದ್ದವು. ಸಂಜೆಯೊಳಗೆ ಅವರ ಹೊಲದ ಬದುವಿನಲ್ಲಿ ಮುಕ್ತಾಳನ್ನು ಮಣ್ಣು ಮಾಡಿದರು.

ಮನೆಗೆ ಬಂದ ಮೇಲೆ ನಂದಾ ಅಳಲಿಲ್ಲ. ಬಿಸ್ಕೀಟಿನ ಪುಡಿಕೆಯನ್ನು ಹುಡುಕಿ ತೆಗೆದುಕೊಂಡು ಪಡಸಾಲೆಯ ಮೂಲೆಯಲ್ಲಿ ಕುಳಿತಳು. ಅದರ ಹಿಂದೆ ಸಣ್ಣ ಅಕ್ಷರದಲ್ಲಿ ಬರೆದದ್ದನ್ನು ಓದುತ್ತಾಳೆ, ಮಡಚುತ್ತಾಳೆ, ಮತ್ತೆ ಬಿಚ್ಚಿ ಓದುತ್ತಾಳೆ. ಯಾವಾಗಲೂ ತರುವ ಬಿಸ್ಕೀಟು ಅವತ್ತು ಅಂಗಡಿಯಲ್ಲಿ ಇರಲಿಲ್ಲವಂತೆ. ಅಂಗಡಿಯವನು ಬೇರೆ ಕೊಟ್ಟನಂತೆ. ಅವಳು ಅವಸರದಲ್ಲಿ ಓದದೆ ತಂದಳಂತೆ. ಈಗ ನೋಡಿದರೆ ಅದರಲ್ಲಿ ಹಾಲಿನ ಪುಡಿ ಎಂದು ಬರೆದಿತ್ತು.

"ನಾನ ಕೊಟ್ಟೆನ್ರಿ," ಎಂದು ಬಂದವರಿಗೆಲ್ಲ ಹೇಳಿದಳು. "ಎರಡು ಬಿಸ್ಕೀಟ ನಾನ ಕೈಯಾಗ ಕೊಟ್ಟು ಹೋದೆ."

ಬಂದವರು, "ಆಕಿ ಹಣಿಮ್ಯಾಲೆ ಬರದಿತ್ತವ್ವಾ, ನೀ ಏನು ಮಾಡತಿ" ಎನ್ನುತ್ತಿದ್ದರು. ಶಿವಾಜಿ ಹೆಂಡತಿಯ ಪಕ್ಕ ಕುಳಿತು ಆ ಪುಡಿಕೆಯನ್ನು ಕಸಿದುಕೊಳ್ಳಲು ನೋಡುತ್ತಿದ್ದ. ಅವಳು ಬಿಡುತ್ತಿರಲಿಲ್ಲ. ತಾಯವ್ವ ಎದುರಿನ ಗೋಡೆಗೆ ಒರಗಿ ಇದನ್ನೆಲ್ಲ ನೋಡಿದಳು. ಮೂರು ದಿನ ನೋಡಿದಳು. ಎಮ್ಮೆಗಳು ಕೆಚ್ಚಲು ಬಿಗಿದು ಒದರಿದಾಗ ಎದ್ದು ಹೋಗಿ ಹಿಂಡಿ ಬರುತ್ತಿದ್ದಳು, ಮತ್ತೆ ಅಲ್ಲೇ ಬಂದು ಕೂರುತ್ತಿದ್ದಳು. ಹೇಳಬೇಕು ಎಂದು ನಾಲಿಗೆಯ ತುದಿಗೆ ಬಂದಾಗಲೆಲ್ಲ ಯಾರೋ ಒಳಗೆ ಬರುತ್ತಿದ್ದರು. ಯಾರೂ ಬರದಿದ್ದಾಗಲೂ ಅವಳು ಹೇಳಲಿಲ್ಲ.

ಮೂರನೆಯ ದಿನ ಮಣ್ಣಿಗೆ ಹಾಲು ತುಪ್ಪ ಬಿಡುವ ಪದ್ಧತಿ. ಮುಂಜಾನೆ ತಾಯವ್ವನ ಮೈದುನ ರಾಜಾರಾಮ ಸಾರವಾಡದಿಂದ ಬಂದ. ಮನೆಯ ಎಮ್ಮೆಯ ಹಾಲನ್ನು ಹಿತ್ತಾಳೆಯ ಚರಿಗೆಯಲ್ಲಿ ತುಂಬಿ, ತುಪ್ಪದ ಬಟ್ಟಲು ಜೊತೆಗಿಟ್ಟು ತಾಯವ್ವನ ಕೈಗೆ ಕೊಟ್ಟ. ಏಳೆಂಟು ಮಂದಿ ಹೊಲಕ್ಕೆ ನಡೆದರು. ನಂದಾಳನ್ನು ಬರಬೇಡ ಎಂದರೂ ಅವಳು ಬಂದಳು. ಬದುವಿನ ಮೇಲೆ ಕೆಂಪು ಮಣ್ಣಿನ ಸಣ್ಣ ಗುಡ್ಡೆ, ಮೇಲೆ ಮುಳ್ಳು. ರಾಜಾರಾಮ ಮುಳ್ಳು ಸರಿಸಿ, "ಬಿಡವ್ವ ವೈನಿ" ಎಂದ.

"ಬ್ಯಾಡ್ರಿ," ಎಂದಳು ನಂದಾ. "ಆಕೀಗೆ ಹಾಲು ಹಾಕಬ್ಯಾಡ್ರಿ."

"ಹಂಗಂದ್ರ ಹೆಂಗ ತಂಗಿ? ಇದು ಆಕಿ ಪಾಲಿಂದು. ಬಿಡದಿದ್ರ ಜೀವಕ್ಕ ಸಮಾಧಾನ ಆಗೂದಿಲ್ಲ."

"ಕಾಕಾರ, ನಿಮ್ಮ ಕಾಲಿಗೆ ಬೀಳತೀನ್ರಿ. ನಾ ಒಮ್ಮೆ ಹಾಕಿದ್ದು ಸಾಕು. ಎರಡು ಬಿಸ್ಕೀಟ ಹಾಕಿದ್ದ ಸಾಕು. ಮತ್ತ ಹಾಲು ಬ್ಯಾಡ್ರಿ." ಅವಳು ಗುಡ್ಡೆಯ ಮೇಲೆ ಅಡ್ಡ ಬಿದ್ದು ಎರಡೂ ಕೈ ಚಾಚಿದಳು.

ರಾಜಾರಾಮ ಅವಳ ರಟ್ಟೆ ಹಿಡಿದು ಎಬ್ಬಿಸಲು ಬಾಗಿದ. ಆಗ ತಾಯವ್ವ ಕೈಯಲ್ಲಿದ್ದ ಚರಿಗೆಯನ್ನು ಕೆಳಗಿಟ್ಟಳು.

"ಬಿಸ್ಕೀಟ ಅಲ್ಲ ನಂದಾ," ಎಂದಳು. "ನಾ ಮೊಸರು ಕೊಟ್ಟೆ."

ನಂದಾ ಮಣ್ಣಿನಿಂದ ತಲೆಯೆತ್ತಿದಳು. ಅವಳ ದನಿ ಬಹಳ ಮೆಲ್ಲಗಿತ್ತು.

"ಎಷ್ಟು ಕೊಟ್ರಿ?"

"ಅರ್ಧ ಬಟ್ಟಲಾ."

"ತಿಂದಳೇನ್ರಿ?"

"ತಿಂದಳು. ಚಲೋ ತಿಂದಳು. ಮೂಗಿಗೆಲ್ಲ ಹಚ್ಕೊಂಡು…"

ಶಿವಾಜಿ ಎರಡು ಹೆಜ್ಜೆ ಮುಂದೆ ಬಂದ. ಅವನ ಮುಖ ನೋಡಿ ಯಾರೋ ಅವನ ತೋಳು ಹಿಡಿದರು. ಹಿಡಿಯುವ ಅಗತ್ಯವಿರಲಿಲ್ಲ. ಅವನು ತಾಯಿಯನ್ನು ಮುಟ್ಟಲಿಲ್ಲ. "ನಾ ಕೇಳಿದ್ನಲ್ಲ ಬೇ," ಎಂದ. "ದವಾಖಾನ್ಯಾಗ ಕೇಳಿದ್ನಲ್ಲ. ಖರೇನ ಅಂತ ಎರಡನೇ ಸಲಾನೂ ಕೇಳಿದ್ನಲ್ಲ." ಅದನ್ನೇ ಮತ್ತೆ ಮತ್ತೆ ಹೇಳುತ್ತ ಅವನು ಬದುವಿನ ಮೇಲೆ ಕುಸಿದು ಕುಳಿತ.

ಆ ದಿನ ಹಾಲು ಬಿಡಲಿಲ್ಲ. ನಂದಾ ಜೊತೆಗೆ ತಂದಿದ್ದ ಕೊಡದ ನೀರನ್ನು ತಾನೇ ಗುಡ್ಡೆಯ ಮೇಲೆ ಸುರಿದು, ಮುಳ್ಳನ್ನು ಮೊದಲಿದ್ದಂತೆ ಇಟ್ಟಳು. ಮಧ್ಯಾಹ್ನದ ಬಸ್ಸಿಗೆ ಜೋರಾಪುರ ಪೇಟೆಗೆ ಹೋದಳು. ಶಿವಾಜಿ ಅವಳನ್ನು ಬಸ್ ಸ್ಟ್ಯಾಂಡಿನತನಕ ಬಿಟ್ಟು ಬಂದ. ಯಾವಾಗ ಬರುತ್ತೀಯ ಎಂದು ಕೇಳುವ ಧೈರ್ಯ ಅವನಿಗಾಗಲಿಲ್ಲ.

ಒಂದು ತಿಂಗಳಾದ ಮೇಲೆ ತಾಯವ್ವ ಒಬ್ಬಳೇ ವಿಜಯಪುರಕ್ಕೆ ಹೋದಳು. ಡಾಕ್ಟರ್ ಅಬ್ದುಲಸಮದರ ಬಾಗಿಲಲ್ಲಿ ಕೂಸುಗಳನ್ನು ಎತ್ತಿಕೊಂಡ ತಾಯಂದಿರ ಸಾಲಿನಲ್ಲಿ ಬರಿಗೈಯಲ್ಲಿ ಕುಳಿತಳು. ಸರದಿ ಬಂದಾಗ ಒಳಗೆ ಹೋಗಿ ನಿಂತೇ ಕೇಳಿದಳು.

"ನಾ ಮುಕ್ತಾನ ಅಜ್ಜಿರಿ. ಒಂದು ಮಾತು ಕೇಳಿ ಹೋಗಾಕ ಬಂದೀನಿ. ಅವತ್ತು ನಮ್ಮೂರ ದವಾಖಾನ್ಯಾಗ ನಾ ಖರೆ ಹೇಳಿದ್ರ ಕೂಸು ಉಳೀತಿತ್ತೇನ್ರಿ?"

ಡಾಕ್ಟರು ಪೆನ್ನು ಕೆಳಗಿಟ್ಟರು. "ಈಗ ಅದನ್ನ ತಿಳಕೊಂಡು ಏನು ಮಾಡತೀರಮ್ಮ? ದೇವ್ರ ಇಚ್ಛಾ ಅಂದ್ಕೋರಿ."

"ದೇವ್ರ ಮ್ಯಾಲೆ ಹಾಕಬ್ಯಾಡ್ರಿ. ಹೇಳ್ರಿ."

ಡಾಕ್ಟರು ಎದುರಿನ ಕುರ್ಚಿ ತೋರಿಸಿದರು, ಅವಳು ಕೂರಲಿಲ್ಲ. ಆಮೇಲೆ, "ಆ ಸೂಜಿ ಎಲ್ಲಾ ಸಣ್ಣ ದವಾಖಾನ್ಯಾಗೂ ಇರ್ತದಮ್ಮ. ನಾ ನಂದಾಗ ಅದಕ್ಕ ಹೇಳಿದ್ದೆ" ಎಂದರು.

ತಾಯವ್ವ ಕೈ ಮುಗಿದು ಹೊರಗೆ ಬಂದಳು. ಅಲ್ಲಿಂದ ಕೇಳುತ್ತ ಕೇಳುತ್ತ ಜೋರಾಪುರ ಪೇಟೆಗೆ ನಡೆದಳು. ನಂದಾಳ ತಾಯಿ ಮಾಲಾ ಬಾಗಿಲು ತೆರೆದಳು. ಒಳಗೆ ಕರೆಯಲಿಲ್ಲ. ಕಟ್ಟೆಯ ಮೇಲೆ ಒಂದು ತಂಬಿಗೆ ನೀರಿಟ್ಟು ಒಳಗೆ ಹೋದಳು. ಬಿಸಿಲು ಕಟ್ಟೆಯಿಂದ ಇಳಿದು ಎದುರು ಮನೆಯ ಗೋಡೆ ಹತ್ತುವವರೆಗೆ ತಾಯವ್ವ ಕುಳಿತೇ ಇದ್ದಳು. ಆಗ ನಂದಾ ಹೊರಗೆ ಬಂದಳು. ಕೈಯಲ್ಲಿ ಬಳೆಯಿರಲಿಲ್ಲ. ಅತ್ತು ಅತ್ತು ಮುಖ ಬಾತಂತೆ ಕಾಣುತ್ತಿದ್ದಳು.

"ತಪ್ಪಾತ ಯವ್ವಾ," ಎಂದು ತಾಯವ್ವ ಎದ್ದು ಅವಳ ಕಾಲಿಗೆ ಬಾಗಿದಳು. ನಂದಾ ಹಿಂದೆ ಸರಿದಳು.

"ಮೊಸರು ಯಾಕ ಕೊಟ್ರಿ ಅಂತ ನನಗ ಗೊತ್ತೈತ್ರಿ. ಪ್ರೀತಿಲೆ ಕೊಟ್ರಿ. ದವಾಖಾನ್ಯಾಗ ಯಾಕ ಸುಳ್ಳು ಹೇಳಿದ್ರಿ ಅಂತಾನೂ ಗೊತ್ತೈತಿ. ಹೆದರಿ ಹೇಳಿದ್ರಿ." ಅವಳು ಉಸಿರು ತೆಗೆದುಕೊಂಡಳು. "ಆದ್ರ ಆಮ್ಯಾಲೆ ಮೂರು ದಿನಾ ರಿ ಅತ್ತಿ. ನಾನ ಕೊಂದೀನಿ ಅಂತ ಮೂರು ದಿನಾ ಕುಂತಿದ್ದೆ. ನೀವು ಎದುರಿಗೆ ಕುಂತು ನೋಡಿದ್ರಿ. ಎದ್ದು ಹೋಗಿ ಎಮ್ಮಿ ಹಿಂಡಕೊಂಡು ಬಂದ್ರಿ."

ತಾಯವ್ವ ಸೆರಗು ಹೊದ್ದುಕೊಂಡು ಕಟ್ಟೆಯಿಂದ ಕೆಳಗಿಳಿದಳು.

"ಇನ್ನ ಬರಬ್ಯಾಡ್ರಿ. ನಿಮ್ಮ ಮಗಗೂ ಹೇಳ್ರಿ" ಎಂದು ನಂದಾ ಬಾಗಿಲು ಮುಂದೆ ಮಾಡಿಕೊಂಡಳು.

ನಂದಾ ತಿರುಗಿ ಬರಲಿಲ್ಲ. ಯುಗಾದಿಯೊಳಗೆ ಶಿವಾಜಿ ಎರಡು ಸಲ ಹೋಗಿ ಬಂದ. ಮೂರನೆಯ ಸಲ ಹೋಗಲಿಲ್ಲ. ಸೊಸೆ ಹೇಳಿದ ಮಾತನ್ನು ತಾಯವ್ವ ಮಗನಿಗೆ ಹೇಳಿದಳು, ಅವನು ಕೇಳಿಸಿಕೊಂಡು ಎದ್ದುಹೋದ. ಅವನು ಈಗ ಮನೆಯಲ್ಲಿ ಮೊಸರು, ಮಜ್ಜಿಗೆ ಯಾವುದನ್ನೂ ಮುಟ್ಟುವುದಿಲ್ಲ. ತಾಯವ್ವನೂ ಮುಟ್ಟುವುದಿಲ್ಲ. ಬೆಣ್ಣೆ ತೆಗೆಯುವುದು ನಿಂತಿದೆ. ಎರಡು ಹೊತ್ತಿನ ಹಾಲು ಹಿಂಡಿದ ಹಾಗೇ ಡೈರಿಯ ಕ್ಯಾನಿಗೆ ಹೋಗುತ್ತದೆ. ಕೊರಳಿನ ಮಾಲೆ ತೆಗೆಯಲೇ ಎಂದು ಅವಳು ಒಮ್ಮೆ ರಾಜಾರಾಮನನ್ನು ಕೇಳಿದ್ದಳು. ಅದನ್ನು ಸತ್ತಾಗಲೇ ತೆಗೆಯಬೇಕು, ನಡುವೆ ತೆಗೆಯಲು ಬರುವುದಿಲ್ಲ ಎಂದು ಅವನು ಹೇಳಿದ.

ತಾಯಿ ಮಗ ಒಂದೇ ಮನೆಯಲ್ಲಿದ್ದಾರೆ. ಯಾವ ಎಮ್ಮೆ ಬೆದೆಗೆ ಬಂದಿದೆ, ದನದ ಹಿಂಡಿ ಮುಗಿದಿದೆಯೋ ಇದೆಯೋ, ಇಷ್ಟು ಮಾತು ಅವರ ನಡುವೆ ನಡೆಯುತ್ತದೆ. ತಾಯವ್ವ ರೊಟ್ಟಿ ಬಡಿದು ಬುಟ್ಟಿಯಲ್ಲಿಟ್ಟು ಹೊರಗೆ ಹೋಗಿ ಕೂರುತ್ತಾಳೆ. ಅವಳು ಹೋದ ಮೇಲೆ ಶಿವಾಜಿ ಒಳಗೆ ಬಂದು ಖಾರದ ಪುಡಿ, ಎಣ್ಣೆ ಹಾಕಿಕೊಂಡು ಉಣ್ಣುತ್ತಾನೆ.